ಕೊನೆಯ ಸಾಲಿನಿಂದ ಕಂಡ ಮುಖ

ಬಣ್ಣದಯ್ಯನಿಗೆ ಒಂದು ಅಭ್ಯಾಸವಿತ್ತು. ಒಪೆರಾ ಮಂದಿರದಲ್ಲಿ ಯಾರ ಮುಖಕ್ಕೆ ಬಣ್ಣ ಹಚ್ಚಿದರೂ, ಹಚ್ಚಿ ಮುಗಿದ ಮೇಲೆ ಅವರನ್ನು ರಂಗದ ಮೇಲೆ ನಿಲ್ಲಿಸಿ, ತಾನು ಮೆಟ್ಟಿಲು ಹತ್ತಿ ಮೇಲಿನ ಗ್ಯಾಲರಿಯ ಕೊನೆಯ ಸಾಲಿಗೆ ಹೋಗಿ, ಏದುಸಿರು ಬಿಡುತ್ತ ಅಲ್ಲಿಂದ ನೋಡುತ್ತಿದ್ದ. ಅಲ್ಲಿಗೆ ಕಣ್ಣು ಕಣ್ಣಾಗಿ ಬಾಯಿ ಬಾಯಾಗಿ ಕಂಡರೆ ಸರಿ, ಇಲ್ಲವಾದರೆ ಮತ್ತೆ ಕೆಳಗಿಳಿದು ಬಂದು ಇನ್ನೊಂದು ಗೆರೆ ಎಳೆಯುತ್ತಿದ್ದ. ಯಾರಾದರೂ ಹತ್ತಿರದಿಂದ ನೋಡಿ "ಏನಯ್ಯಾ ಇದು, ಗೋಡೆಗೆ ಬಳಿದ ಹಾಗೆ ಬಳಿದಿದ್ದೀಯಲ್ಲ" ಎಂದರೆ, "ಇಷ್ಟು ಹತ್ತಿರದಿಂದ ನೋಡೋಕೆ ನೀವೇನು ಟಿಕೆಟ್ ತಗೊಂಡಿದ್ದೀರಾ?" ಎಂದು ಬಾಯಿ ಮುಚ್ಚಿಸುತ್ತಿದ್ದ. ಈ ಮಾತು ಮಂದಿರದಲ್ಲೆಲ್ಲ ಹೆಸರುವಾಸಿಯಾಗಿತ್ತು. ಅವನಿಗೂ ಅದರ ಮೇಲೆ ಸ್ವಲ್ಪ ಜಂಬವೇ.

ಆ ಮಂದಿರದ ದೊಡ್ಡ ಗಾಯಕಿ ಅವನ ಹೆಂಡತಿ. ಮದುವೆಗೆ ಮುಂಚೆ ಅವಳ ಮುಖಕ್ಕೆ ಬಣ್ಣ ಹಚ್ಚುತ್ತ ಹಚ್ಚುತ್ತಲೇ ಸಂಬಂಧ ಕುದುರಿದ್ದು. "ಗಂಡ ಅಲ್ಲದೋನು ದಿನಾ ಅಷ್ಟು ಹೊತ್ತು ಕೆನ್ನೆ ಮುಟ್ಟಿದ್ರೆ ಚೆನ್ನಾಗಿರುತ್ತಾ? ಅದಕ್ಕೇ ಕಟ್ಕೊಂಡೆ" ಎಂದು ಅವಳು ಬಂದವರ ಮುಂದೆಲ್ಲ ತಮಾಷೆ ಮಾಡುತ್ತಿದ್ದಳು. ಈಗ ಅವಳಿಗೆ ಐವತ್ತು ದಾಟಿತ್ತು. ಮೈ ತುಂಬಿಕೊಂಡಿತ್ತು, ಮೆಟ್ಟಿಲು ಹತ್ತಿದರೆ ಮಂಡಿ ಗೊಣಗುತ್ತಿತ್ತು. ದನಿ ಮಾತ್ರ ಒಂದಿಷ್ಟೂ ಮುಕ್ಕಾಗಿರಲಿಲ್ಲ. ಅವಳು ಬಾಯಿ ತೆರೆದರೆ ಸಾಕು, ಟಿಕೆಟ್ ಹರಿಯುವವನೂ ಕೆಲಸ ಬಿಟ್ಟು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ.

ಇಂಥ ಹೊತ್ತಿನಲ್ಲಿ ಸಿನಿಮಾದವರು ಬಂದರು. ಇಟಲಿಯ ಹಳೆಯ ದುರಂತ ಒಪೆರಾ ಒಂದನ್ನು ಸಿನಿಮಾ ಮಾಡಬೇಕೆಂದು ಹೊರಟಿದ್ದವರು. ಕಥೆ ದೊಡ್ಡದೇನಲ್ಲ. ಗಂಡ ಔಷಧಿಯೆಂದು ನಂಬಿ ಹೆಂಡತಿಗೆ ತನ್ನ ಕೈಯಾರೆ ಒಂದು ಬಟ್ಟಲು ಕೊಡುತ್ತಾನೆ. ಅದರಲ್ಲಿ ಯಾರೋ ವಿಷ ಬೆರೆಸಿದ್ದಾರೆ. ಅವಳು ಕುಡಿಯುತ್ತಾಳೆ, ಹಾಡುತ್ತಾಳೆ, ಸಾಯುತ್ತಾಳೆ. ಹಾಡುವುದೇ ಕಾಲು ಗಂಟೆ. ವಿಷ ಕುಡಿದವಳಿಗೆ ಅಷ್ಟು ಉಸಿರು ಎಲ್ಲಿಂದ ಬಂತು ಎಂದು ಯಾರೂ ಕೇಳಬಾರದು, ಇಂಥ ಒಪೆರಾಗಳಲ್ಲಿ ವಿಷವೆನ್ನುವುದು ಗಂಟಲಿಗೆ ಬಲು ಒಳ್ಳೆಯದು.

ನಿರ್ದೇಶಕನಿಗೆ ಬೇಕಾಗಿದ್ದದ್ದು ಅವಳ ದನಿ ಮಾತ್ರ. ಹಾಡುಗಳನ್ನು ಮೊದಲೇ ಧ್ವನಿಮುದ್ರಿಸಿಕೊಂಡು, ಚಿತ್ರೀಕರಣದಲ್ಲಿ ಅವನ್ನು ಸ್ಪೀಕರಿನಲ್ಲಿ ಹಾಕಿ, ಚೆಂದದ ಹುಡುಗಿಯೊಬ್ಬಳು ತುಟಿ ಆಡಿಸಿದರೆ ಮುಗಿಯಿತು ಎಂಬುದು ಅವನ ಲೆಕ್ಕ. ಅದನ್ನು ಅವನು ಬಹಳ ನಯವಾಗಿ, ಸುತ್ತಿ ಬಳಸಿ ಹೇಳಿದ. ಬಣ್ಣದಯ್ಯನ ಹೆಂಡತಿ ಎಲ್ಲ ಕೇಳಿ, "ನನ್ನ ದನಿ ಬೇಕು ಅಂದ್ರೆ ಮುಖಾನೂ ಜೊತೇಲೇ ಬರುತ್ತೆ. ಎರಡನ್ನೂ ಬಿಡಿಸಿ ಮಾರಲ್ಲ" ಎಂದಳು. ನಿರ್ದೇಶಕ ಉಗುಳು ನುಂಗಿಕೊಂಡು ಒಪ್ಪಿದ. "ಇನ್ನೊಂದು. ನನಗೆ ಬಣ್ಣ ಹಚ್ಚೋದು ನಮ್ಮೆಜಮಾನ್ರೇ" ಎಂದಳು. ಅದಕ್ಕೂ ಒಪ್ಪಿದ.

ಆ ದಿನ ಮನೆಗೆ ನಡೆದು ಬರುವಾಗ ಅವಳು ಗಂಡನ ತೋಳು ಹಿಡಿದುಕೊಂಡು ಹೇಳಿದಳು: "ಇಷ್ಟು ವರ್ಷ ಹಾಡಿದೆ ರೀ. ಗ್ಯಾಲರೀಲಿ ಕೂತೋರಿಗೆ ನಾನು ಅಂದ್ರೆ ಒಂದು ನಿಲುವಂಗಿ, ಎರಡು ಕೈ, ಅಷ್ಟೇ. ಒಂದೇ ಒಂದು ಸಲ ಜನ ನನ್ನ ಮುಖಾನ ಹತ್ತಿರದಿಂದ ನೋಡಲಿ. ಹಾಡ್ತಾ ಇರೋವಾಗ ನನಗೆ ಏನಾಗುತ್ತೆ ಅಂತ ನೋಡಲಿ. ಆಮೇಲೆ ಸತ್ರೂ ಚಿಂತೆಯಿಲ್ಲ."

"ಸಾಯೋ ಮಾತು ಯಾಕೆ? ಸಿನಿಮಾದಲ್ಲಿ ಹೇಗೂ ಸಾಯ್ತೀಯಲ್ಲ" ಎಂದು ಅವನು ನಗಿಸಿದ. ಒಳಗೊಳಗೇ ಅವನಿಗೂ ಎದೆ ಉಬ್ಬಿತ್ತು.

ಚಿತ್ರೀಕರಣ ನಡೆದದ್ದು ಹಳೆಯ ಗೋದಾಮೊಂದರಲ್ಲಿ. ಒಂದು ತುದಿಯಲ್ಲಿ ಅರಮನೆಯ ಮಲಗುವ ಕೋಣೆ, ಇನ್ನುಳಿದ ಕಡೆಯೆಲ್ಲ ವೈರು, ಏಣಿ, ದೀಪದ ಕಂಬ, ಕಾಲಿಗೆ ತೊಡರುವ ಮರದ ಪೆಟ್ಟಿಗೆ. ಸಿನಿಮಾ ಕಡೆಯ ಮೇಕಪ್ಪಿನ ಹೆಂಗಸೊಬ್ಬಳಿದ್ದಳು. ಕನ್ನಡಕ ಹಾಕಿಕೊಂಡ, ಕೂದಲು ನರೆತ, ಮೆತ್ತಗೆ ಮಾತಾಡುವ ಹೆಂಗಸು. ಸಾವಿನ ದೃಶ್ಯದ ದಿನ ಬೆಳಿಗ್ಗೆ ಅವಳು ಬಣ್ಣದಯ್ಯನ ಪೆಟ್ಟಿಗೆಯನ್ನು ಇಣುಕಿ ನೋಡಿ, ಗಟ್ಟಿ ಜಿಡ್ಡಿನ ಬಣ್ಣದ ಕಡ್ಡಿಗಳನ್ನೆಲ್ಲ ಕಂಡು ಗಾಬರಿಯಾದಳು.

"ಅಣ್ಣಾ, ತಪ್ಪು ತಿಳ್ಕೋಬೇಡಿ. ಕ್ಯಾಮೆರಾ ತುಂಬ ಹತ್ತಿರ ಬರುತ್ತೆ. ತೆಳ್ಳಗೆ ಒಂದು ಕೈ ಸಾಕು. ಬೇಕಾದ್ರೆ ನನ್ನ ಪೆಟ್ಟಿಗೆ ತಗೊಳ್ಳಿ."

ಹೆಂಡತಿ ಆಗಲೇ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, ತುಟಿಯೊಳಗೇ ಹಾಡು ಗುನುಗಿಕೊಳ್ಳುತ್ತಿದ್ದಳು. ಹಾಡುವ ಮುಂಚೆ ಅವಳಿಗೆ ಅಕ್ಕಪಕ್ಕದ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಬಣ್ಣದಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷದ ಕೈ ಇದು, ಇವಳ್ಯಾರು ಮೂಗು ತೂರಿಸಲಿಕ್ಕೆ?

"ನನ್ನ ಹೆಂಡ್ತಿ ಮುಖ ನಂಗೆ ಗೊತ್ತಿಲ್ವೇನಮ್ಮ?" ಎಂದ.

ಹೆಂಗಸು ತನ್ನ ಪೆಟ್ಟಿಗೆ ಮುಚ್ಚಿಕೊಂಡಳು. ಬಣ್ಣದಯ್ಯ ಹಟಕ್ಕೆ ಬಿದ್ದವನಂತೆ ಯಾವತ್ತಿಗಿಂತ ಒಂದು ಪದರ ಹೆಚ್ಚೇ ಹಚ್ಚಿದ. ಕೆನ್ನೆಯ ಕುಳಿಗೆ ಬೂದು, ಸಾಯುವವಳೆಂದು ಅದರ ಮೇಲೆ ತುಸು ಹಸಿರು, ತುಟಿಗೆ ನೀಲಿ. ಮೂಗಿನ ಎರಡು ಬದಿಗೆ ಕಂದು. ಕಣ್ಣು ದೊಡ್ಡದಾಗಿ ಕಾಣಲಿ ಎಂದು ರೆಪ್ಪೆಯ ಕೆಳಗೆ ಬಿಳಿ ಗೆರೆ, ಕಣ್ಣಿನ ಒಳಮೂಲೆಯಲ್ಲಿ ಒಂದೊಂದು ಕೆಂಪು ಚುಕ್ಕೆ. ಆಮೇಲೆ ಅಭ್ಯಾಸದಂತೆ ವೈರುಗಳನ್ನು ದಾಟಿಕೊಂಡು ಗೋದಾಮಿನ ಆ ತುದಿಯ ಬಾಗಿಲವರೆಗೂ ಹೋಗಿ, ಅಲ್ಲಿ ನಿಂತು ತಿರುಗಿ ನೋಡಿದ. ಅಷ್ಟು ದೂರದಿಂದ ಅವಳು ನಿಜವಾಗಿಯೂ ಸಾಯುತ್ತಿರುವ ರಾಣಿಯಂತೆ ಕಂಡಳು. ಭೇಷ್ ಎಂದು ತನಗೆ ತಾನೇ ಹೇಳಿಕೊಂಡು ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತ. ಅವನು ನೋಡನೋಡುತ್ತಿದ್ದಂತೆಯೇ ಕ್ಯಾಮೆರಾ ಹಳಿಗಳ ಮೇಲೆ ಉರುಳಿಕೊಂಡು ಹೋಗಿ ಅವಳ ಮುಖದಿಂದ ಒಂದು ಮೊಳ ದೂರದಲ್ಲಿ ನಿಂತಿತು. ನೋಡುವ ಜನ ಇನ್ನು ಮುಂದೆ ಕೂರುವುದು ಅಲ್ಲಿ, ತಾನು ಕೂತಲ್ಲಿ ಅಲ್ಲ ಎಂದು ಆ ಮಹಾರಾಯನಿಗೆ ಹೊಳೆಯಲೇ ಇಲ್ಲ.

ಮರುದಿನ ಮಧ್ಯಾಹ್ನ, ತೆಗೆದದ್ದನ್ನು ನೋಡಲು ಎಲ್ಲರನ್ನೂ ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿದರು. ಹೆಂಡತಿ ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದಳು. ತಂಗಿಯನ್ನೂ ಕರೆತಂದಿದ್ದಳು. ಈ ನಾದಿನಿಗೂ ಬಣ್ಣದಯ್ಯನಿಗೂ ಅಷ್ಟಕ್ಕಷ್ಟೆ. "ಅಕ್ಕನ ದನಿಯಿಂದ ಹೊಟ್ಟೆ ತುಂಬುತ್ತೆ, ಭಾವನ ಬಣ್ಣದಿಂದ ಕೈ ಕೊಳೆಯಾಗುತ್ತೆ" ಎನ್ನುವುದು ಅವಳ ನಿತ್ಯದ ಕುಟುಕು.

ದೀಪ ಆರಿತು. ಮೊದಲು ಹಾಡು ಬಂತು, ಕೋಣೆಯಲ್ಲಿದ್ದವರ ಬೆನ್ನು ನೆಟ್ಟಗಾಯಿತು. ಆಮೇಲೆ ಮುಖ ಬಂತು.

ಗೋಡೆಯಷ್ಟು ದೊಡ್ಡ ಮುಖ. ಹಸಿರು ಹಸಿರಾದ ಕೆನ್ನೆ. ದೀಪದ ಶಾಖಕ್ಕೆ ಬೆವೆತು ಬಣ್ಣ ಬಿರುಕು ಬಿಟ್ಟಿತ್ತು, ಬಾಯಿ ತೆರೆದಾಗಲೆಲ್ಲ ಆ ಬಿರುಕು ಒಣಗಿದ ಕೆರೆಯ ಮಣ್ಣಿನಂತೆ ಅಗಲವಾಗುತ್ತಿತ್ತು. ಮುಖದಲ್ಲಿದ್ದ ಒಂದು ಸುಕ್ಕನ್ನು ಬಣ್ಣ ನಾಲ್ಕು ಮಾಡಿತ್ತು. ಕಣ್ಣಿನ ಮೂಲೆಯ ಕೆಂಪು ಚುಕ್ಕೆಗಳು ಬೆವರಿಗೆ ಕರಗಿ ಮೂಗಿನ ಕಡೆಗೆ ಹೊರಟಿದ್ದವು. ಅವಳು ಕಥೆಯ ಗಂಡನನ್ನು ಕ್ಷಮಿಸುತ್ತ ಕಣ್ಣು ಮೇಲೆತ್ತಿದಳು, ಬಿಳಿ ಗೆರೆಯ ಮೇಲೆ ಗುಡ್ಡೆಗಳೆರಡೂ ತಿರುಗಿದವು. ಹಿಂದಿನ ಸಾಲಿನಲ್ಲಿ ದೀಪದ ಹುಡುಗರಲ್ಲಿ ಯಾರೋ ಒಬ್ಬ ಕಿಸಕ್ಕನೆ ನಕ್ಕ. ಇನ್ನೊಬ್ಬ ಅದನ್ನು ಕೆಮ್ಮಿನಲ್ಲಿ ಮುಚ್ಚಲು ಹೋಗಿ ಕೆಡಿಸಿದ. ಆಮೇಲೆ ಕಟ್ಟೆ ಒಡೆದ ಹಾಗೆ ಕೋಣೆಯೇ ನಕ್ಕಿತು. ಪಾಪ, ನಗಬಾರದೆಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಕಣ್ಣಲ್ಲಿ ನೀರು ಬರಿಸಿಕೊಂಡು ನಕ್ಕರು. ತೆರೆಯ ಮೇಲೆ ಅವಳು ಸಾಯುತ್ತಲೇ ಇದ್ದಳು.

ಬಣ್ಣದಯ್ಯನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೋಡಿದ ಮರುಕ್ಷಣವೇ ಅವನಿಗೆ ಅರ್ಥವಾಗಿತ್ತು. ಅಲ್ಲಿ ನಗು ಬರಿಸುವಂಥದ್ದು ಏನೆಲ್ಲ ಇತ್ತೋ ಅಷ್ಟೂ ಅವನ ಬೆರಳಿನಿಂದ ಬಂದದ್ದು. ಅವಳದೆಂಬುದು ದನಿಯೊಂದೇ, ಅದಕ್ಕೆ ಯಾರೂ ನಕ್ಕಿರಲಿಲ್ಲ.

"ದೀಪ ಹಾಕಿ" ಎಂದಳು ಹೆಂಡತಿ.

ದೀಪ ಬಂತು. ಅವಳು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೇರವಾಗಿ ಕೂತಿದ್ದಳು. ಎಷ್ಟೋ ವರ್ಷಗಳಿಂದ ಕನ್ನಡಿಯಲ್ಲಿ ಅದೇ ದಪ್ಪ ಬಣ್ಣ ನೋಡಿ ನೋಡಿ ಅವಳಿಗೆ ಅದು ಬಣ್ಣವೆಂದೇ ಕಾಣುತ್ತಿರಲಿಲ್ಲ, ತನ್ನ ಮುಖವೇ ಅದು. ಅವಳಿಗೆ ಕಂಡದ್ದು ಸುಕ್ಕು, ಜೋತ ಗದ್ದ, ಬಾಯೊಳಗಿನ ತುಂಬಿಸಿದ ಹಲ್ಲು.

"ನನಗೆ ವಯಸ್ಸಾಯ್ತು" ಎಂದಳು, ಬೇರೆ ಯಾರಿಗೋ ಹೇಳುವ ಹಾಗೆ. "ಮನೇಲಿ ಕನ್ನಡಿ ಚಿಕ್ಕದು, ಗೊತ್ತೇ ಆಗಿರಲಿಲ್ಲ."

ಕ್ಯಾಮೆರಾದವನು ಒಳ್ಳೆಯ ಮನುಷ್ಯ. "ಹಾಗೆಲ್ಲ ಅನ್ಬೇಡಿ ಅಮ್ಮ. ನಾಳೆ ಬೆಳಿಗ್ಗೆ ಇನ್ನೊಂದು ಸಲ ತೆಗೆದು ನೋಡೋಣ. ಬೆಳಕು ಬದಲಾಯಿಸ್ತೀನಿ" ಎಂದ. ನಿರ್ದೇಶಕನ ಮನಸ್ಸು ಆಗಲೇ ಚೆಂದದ ಹುಡುಗಿಯ ಹತ್ತಿರ ಹೋಗಿಯಾಗಿತ್ತು.

ಹೆಂಡತಿ ಗಂಡನ ಕಡೆ ತಿರುಗಿದಳು. ಎಲ್ಲರ ಎದುರಿಗೇ ಕೇಳಿದಳು:

"ನೀವೇನಂತೀರಿ ರೀ?"

ಕನ್ನಡಕದ ಹೆಂಗಸು ಗೋಡೆಗೊರಗಿ ನಿಂತು ಅವನನ್ನೇ ನೋಡುತ್ತಿದ್ದಳು. ಒಂದೇ ಒಂದು ಮಾತು. 'ತಪ್ಪು ನಂದು, ಬಣ್ಣ ಜಾಸ್ತಿಯಾಯ್ತು.' ಅಷ್ಟು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಮಾತು ಗಂಟಲವರೆಗೂ ಬಂತು. ಅಷ್ಟರಲ್ಲಿ ಅವನ ಕಣ್ಣು ಹಿಂದಿನ ಸಾಲಿನ ಹುಡುಗರ ಮೇಲೆ ಬಿತ್ತು, ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದರು. ಈ ಮಾತು ಹೇಳಿದರೆ ಆ ನಗು ಅಲ್ಲಿಂದೆದ್ದು ಬಂದು ತನ್ನ ತಲೆಯ ಮೇಲೆ ಕೂರುತ್ತದೆ. ನಾದಿನಿಯ ಬಾಯಿಗೆ ಜೀವಮಾನಕ್ಕಾಗುವಷ್ಟು ಸರಕು. ಮಂದಿರದಲ್ಲಿ ಬಣ್ಣದಯ್ಯ ಎಂದರೆ ಎದ್ದು ನಿಲ್ಲುವವರೆಲ್ಲ ಇನ್ನು ಹಲ್ಲು ಕಿರಿಯುತ್ತಾರೆ. ಅವನು ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿಕೊಂಡ.

"ನಿನ್ನಿಷ್ಟ" ಎಂದ.

ಅವಳು ತಲೆಯಾಡಿಸಿದಳು. ಗಂಡನಿಗೂ ಹಾಗೇ ಅನ್ನಿಸಿದೆ, ಬಾಯಿ ಬಿಟ್ಟು ಹೇಳಲಾರ, ಅಷ್ಟೇ ಎಂದು ತಿಳಿದುಕೊಂಡಳು. "ಹುಡುಗಿಯನ್ನೇ ಹಾಕ್ಕೊಳ್ಳಿ. ದನಿ ನಿಮ್ಮ ಹತ್ತಿರ ಇದೆಯಲ್ಲ" ಎಂದು ನಿರ್ದೇಶಕನಿಗೆ ಹೇಳಿ, ಸೆರಗು ಸರಿಮಾಡಿಕೊಂಡು ಎದ್ದಳು.

ಹೊರಗೆ ಅಂಗಳದಲ್ಲಿ ಕನ್ನಡಕದ ಹೆಂಗಸು ಅವನ ಹಿಂದೆಯೇ ಬಂದಳು. "ನೀವೇ ಹೇಳ್ತೀರಿ ಅಂತ ನಾನು ಸುಮ್ನಿದ್ದೆ ಅಣ್ಣ" ಎಂದಳು. ಬೈದಿದ್ದರೆ ವಾಸಿಯಿತ್ತು. ಬಣ್ಣದಯ್ಯ "ಹೇಳ್ತೀನಿ, ಮನೇಲಿ ಹೇಳ್ತೀನಿ" ಎಂದು ತೊದಲಿದ. ಮನೆಯಲ್ಲಿ ಅವಳು ಏನೂ ಆಗದವಳಂತೆ ಬಟ್ಟೆ ಬದಲಾಯಿಸಿ, ಗೋಡೆಯ ಮೇಲಿದ್ದ ಕನ್ನಡಿಯನ್ನು ಅವನ ಎತ್ತರಕ್ಕೆ ಸರಿಯಾಗಿ ಮೇಲಕ್ಕೆ ತೂಗುಹಾಕಿದಳು. "ನಿಮಗೆ ಬಗ್ಗಿ ಬಗ್ಗಿ ಕ್ಷೌರ ಮಾಡ್ಕೊಳ್ಳೋದು ತಪ್ಪುತ್ತೆ" ಎಂದಳು. ಅವನು ಹೇಳಲಿಲ್ಲ. ನಾಳೆ ಎಂದುಕೊಂಡ. ಇಂಥ ಮಾತಿಗೆ ನಾಳೆ ಎಂಬುದು ಎಷ್ಟು ಬೇಕಾದರೂ ಸಿಗುತ್ತದೆ.

ಚೆಂದದ ಹುಡುಗಿ ಬಂದಳು. ಅವಳಿಗೂ ಬಣ್ಣ ಹಚ್ಚುವ ಕೆಲಸ ಅವನದೇ ಆಯಿತು. ಆ ಪಾತ್ರಕ್ಕೆ ಬಣ್ಣ ಅವನದೆಂದು ಮಾತು ಕೊಟ್ಟಾಗಿತ್ತಲ್ಲ, ನಿರ್ದೇಶಕ ಆ ವಿಷಯದಲ್ಲಿ ಪ್ರಾಮಾಣಿಕ. ಈ ಸಲ ಅವನು ಕನ್ನಡಕದ ಹೆಂಗಸಿನ ಪೆಟ್ಟಿಗೆಯನ್ನೇ ಕೇಳಿ ತೆಗೆದುಕೊಂಡ. ನೀರಿನಂಥ ತೆಳು ಬಣ್ಣ, ಬೆರಳ ತುದಿಯಲ್ಲಿ ಒಂದಿಷ್ಟು. ಕ್ಯಾಮೆರಾದ ಪಕ್ಕದಲ್ಲೇ ನಿಂತು ನೋಡಿದ. ಕೈ ಹಳೆಯದಾದರೂ ಕಲಿಯುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. "ಏನು ಕೈ ರೀ ನಿಮ್ಮದು!" ಎಂದು ನಿರ್ದೇಶಕ ಎಲ್ಲರೆದುರು ಚಪ್ಪಾಳೆ ತಟ್ಟಿದ. ಅದನ್ನು ಕೇಳಿ ಬಣ್ಣದಯ್ಯನಿಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ಒಂದು ಬೆಳಗಿನಲ್ಲಿ ಕಲಿತ ಈ ಕೆಲಸವನ್ನು ಆ ಬೆಳಿಗ್ಗೆ ಕಲಿತಿದ್ದರೆ?

ಹುಡುಗಿಗೆ ಎಲ್ಲಿ ಉಸಿರು ಎಳೆಯಬೇಕೆಂದು ಹೇಳಿಕೊಡಲು ಹೆಂಡತಿಯೇ ಬಂದು ಕೂರುತ್ತಿದ್ದಳು. ದೀಪದ ಬೆಳಕು ಬೀಳದ ಜಾಗ ನೋಡಿ ಕುರ್ಚಿ ಹಾಕಿಸಿಕೊಳ್ಳುತ್ತಿದ್ದಳು.

"ಇಲ್ಲಿ ಬಾಯಿ ಮುಚ್ಲಾ ಅಮ್ಮ?" ಎಂದು ಹುಡುಗಿ ಕೇಳುವಳು.

"ಬೇಡ ಮಗಳೇ, ಅಲ್ಲಿ ನಾನು ಇನ್ನೂ ಹಾಡ್ತಾ ಇದೀನಿ. ತಡಿ. ಹಾಂ, ಈಗ."

ಆ ಕತ್ತಲೆ ಮೂಲೆಯಿಂದ ಬರುವ ಮಾತು ಕೇಳಿದಾಗಲೆಲ್ಲ ಬಣ್ಣದಯ್ಯ ಕುಂಚ ತೊಳೆಯುವ ನೆಪದಲ್ಲಿ ಹೊರಗೆ ಹೋಗಿಬಿಡುತ್ತಿದ್ದ. ಹೊರಗೆ ನಲ್ಲಿಯ ಹತ್ತಿರ ನಿಂತು, ತೊಳೆದ ಕುಂಚವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದ.

ಸಿನಿಮಾ ಬಿಡುಗಡೆಯಾಯಿತು. ಗಂಡಹೆಂಡತಿ ಮಧ್ಯಾಹ್ನದ ಆಟಕ್ಕೆ ಹೋಗಿ ಜನರ ನಡುವೆ ಕೂತರು. ಕೊನೆಯ ಹಾಡು ಬಂದಾಗ ಹುಡುಗಿಯ ಮುಖ ತೆರೆಯ ತುಂಬ ಅರಳಿತು, ಅವಳ ಬಾಯಿಂದ ಪಕ್ಕದಲ್ಲಿ ಕೂತವಳ ದನಿ ಬಂತು. ಮುಂದಿನ ಸಾಲಿನಲ್ಲಿ ದಪ್ಪ ಮೀಸೆಯ ಗಂಡಸೊಬ್ಬ ಬಿಕ್ಕಿ ಬಿಕ್ಕಿ ಅಳತೊಡಗಿದ. ಇಡೀ ಚಿತ್ರಮಂದಿರ ಸೊರಸೊರನೆ ಮೂಗು ಎಳೆದುಕೊಂಡಿತು. ಹೆಂಡತಿ ಬಣ್ಣದಯ್ಯನ ಕಿವಿಯ ಹತ್ತಿರ ಬಾಗಿದಳು.

"ನೋಡಿದ್ರಾ? ಯಾರೂ ನಗಲಿಲ್ಲ."

ಅವಳು ನಿಜವಾಗಿಯೂ ಸಂತೋಷದಿಂದಲೇ ಹೇಳಿದ್ದಳು. ಅದೇ ಅವನನ್ನು ಕೊಂದುಹಾಕಿತು.

ಮರುದಿನ ಬೆಳಿಗ್ಗೆ ಅವಳು ಒಗೆದ ಬಟ್ಟೆ ಮಡಚುತ್ತ, ಮಂದಿರದವರಿಗೆ ಇನ್ನು ರಂಗಕ್ಕೆ ಬರುವುದಿಲ್ಲವೆಂದು ಹೇಳಿ ಕಳಿಸಿರುವುದಾಗಿ ಹೇಳಿದಳು. ಹುಡುಗಿಯರಿಗೆ ಪಾಠ ಹೇಳಿಕೊಡುತ್ತಾಳಂತೆ. ಮುಖ ತೋರಿಸಿದ್ದು ಸಾಕಂತೆ. ಬಣ್ಣದಯ್ಯ ಎದ್ದು ನಿಂತ.

"ಇವಳೇ, ಕೇಳಿಲ್ಲಿ. ಅವತ್ತು ಅವರು ನಕ್ಕಿದ್ದು ನಿನ್ನ ನೋಡಿ ಅಲ್ಲ. ನನ್ನ ಬಣ್ಣ ನೋಡಿ. ಗ್ಯಾಲರಿಗೆ ಹಚ್ಚೋ ಹಾಗೆ ಹಚ್ಚಿಬಿಟ್ಟೆ. ಆ ಮೇಕಪ್ಪಿನಮ್ಮ ಬೇಡ ಅಂದ್ರು, ನಾನು ಕೇಳಲಿಲ್ಲ. ನಿನ್ನ ಮುಖದಲ್ಲಿ ಏನೂ ಇರಲಿಲ್ಲ. ಎಲ್ಲ ನಂದೇ."

ಅವಳ ಕೈ ನಿಂತಿತು. ಆಮೇಲೆ ಅವಳ ಮುಖ ಮೆತ್ತಗಾಯಿತು.

"ಪಾಪ, ಎಷ್ಟು ದಿನದಿಂದ ಯೋಚಿಸಿ ಇಟ್ಕೊಂಡಿದ್ರಿ ಇದನ್ನ?"

"ಅವತ್ತಿಂದಾನೇ."

"ಅದೇ ಅಂದ್ಕೊಂಡೆ. ನನ್ನ ಸಮಾಧಾನಕ್ಕೆ ಏನಾದ್ರೂ ಹೇಳ್ಬೇಕು ಅಂತ ನೀವು ಒದ್ದಾಡ್ತಿರೋದು ನಂಗೆ ಗೊತ್ತಾಗ್ತಿತ್ತು."

"ಸಮಾಧಾನಕ್ಕಲ್ವೇ, ನಿಜ ಹೇಳ್ತಿದೀನಿ. ಬೇಕಾದ್ರೆ ಆ ಅಮ್ಮನ್ನೇ ಕೇಳು!"

"ಅವರಿಗೂ ಹೇಳಿಕೊಟ್ಟಿರ್ತೀರಿ, ನಂಗೊತ್ತಿಲ್ವಾ" ಎಂದು ಅವಳು ನಕ್ಕಳು. "ನಿಜ ಆಗಿದ್ರೆ ಅವತ್ತೇ ಹೇಳ್ತಿರ್ಲಿಲ್ವೇನ್ರೀ? ಎಲ್ಲರ ಮುಂದೆ ನಾನೇ ಕೇಳಿದೆನಲ್ಲ. ತಪ್ಪನ್ನ ಹೆಂಡ್ತಿ ಮೇಲೆ ಹಾಕಿ ಸುಮ್ನೆ ಕೂರೋಕೆ ನನ್ನ ಗಂಡ ಅಂಥೋನಾ?"

ಅಂಥವನೇ ಕಣೇ, ಅಂಥವನೇ ಎಂದು ಬಣ್ಣದಯ್ಯನಿಗೆ ಕೂಗಬೇಕೆನಿಸಿತು. ಅಷ್ಟರಲ್ಲಿ ಬಾಗಿಲು ದೂಡಿಕೊಂಡು ನಾದಿನಿ ಬಂದಳು. ಹೆಂಡತಿ ಅವಳನ್ನು ಕೂರಿಸಿಕೊಂಡು, ಗಂಡ ಹೇಳಿದ್ದನ್ನೆಲ್ಲ ಹೇಳಿದಳು. "ಕೈಯೇ ಪ್ರಾಣ ಅನ್ನೋ ಮನುಷ್ಯ ಕಣೇ. ನನಗೋಸ್ಕರ ಆ ಕೈಗೇ ಕೆಟ್ಟ ಹೆಸರು ತಂದ್ಕೋತೀನಿ ಅಂತಾರೆ."

ಇಷ್ಟು ವರ್ಷ ಅವನನ್ನು ಕುಟುಕಿಯೇ ಬಂದಿದ್ದ ನಾದಿನಿ ಕಣ್ಣೊರೆಸಿಕೊಂಡಳು. "ಭಾವ, ನಿಮ್ಮನ್ನ ಏನೇನೋ ಅಂದ್ಕೊಂಡಿದ್ದೆ. ತಪ್ಪಾಯ್ತು" ಎಂದಳು. ಒಳಗೆ ಹೋಗಿ ಕಾಫಿ ಮಾಡಿ ತಂದು ಮೊದಲ ಲೋಟ ಅವನಿಗೇ ಕೊಟ್ಟಳು. ಬೇಡವೆನ್ನುವುದಕ್ಕೆ ಅವನಿಗೆ ಮುಖವಿರಲಿಲ್ಲ. ಕುಡಿದ.

ನಾದಿನಿ ಹೋದ ಮೇಲೆ ಅವನು ಪೆಟ್ಟಿಗೆ ತೆಗೆದ. ಕನ್ನಡಕದ ಹೆಂಗಸು ಕೊಟ್ಟು ಹೋಗಿದ್ದ ತೆಳು ಬಣ್ಣದ ಡಬ್ಬಿ ಅದರಲ್ಲಿತ್ತು. "ಬಾ, ಕೂತ್ಕೋ" ಎಂದು ಹೆಂಡತಿಯನ್ನು ಕಿಟಕಿಯ ಪಕ್ಕ, ಪೂರಾ ಬೆಳಕಿಗೆ ಕೂರಿಸಿದ. ತೋರಿಸಿಯಾದರೂ ಬಿಡುತ್ತೇನೆ, ಕಣ್ಣಿಂದ ನೋಡಿದ ಮೇಲೆ ನಂಬದೆ ಎಲ್ಲಿ ಹೋಗುತ್ತಾಳೆ ಎಂದುಕೊಂಡ. ಅವಳು ಯಾವಾಗಿನ ಅಭ್ಯಾಸದಂತೆ ಮುಖವೆತ್ತಿ ಕಣ್ಣು ಮುಚ್ಚಿದಳು. ಅವನು ಹಣೆಗೆ, ಕೆನ್ನೆಗೆ, ರೆಪ್ಪೆಗೆ ಹಗುರವಾಗಿ ಹಚ್ಚಿದ. ಹಚ್ಚಿ ಮುಗಿದದ್ದೇ ತಡ, ಕಾಲು ತಾನಾಗಿ ಎದುರು ಗೋಡೆಯ ಕಡೆಗೆ ಎರಡು ಹೆಜ್ಜೆ ಇಟ್ಟಿತು. ಥೂ ಎಂದು ತನಗೇ ಬೈದುಕೊಂಡು ಹಿಂದಕ್ಕೆ ಬಂದು, ಮಂಡಿಯೂರಿ, ಒಂದು ಗೇಣು ದೂರದಿಂದ ಅವಳನ್ನು ನೋಡಿದ.

ಕಣ್ಣಿನ ಪಕ್ಕ ಸಣ್ಣ ಸಣ್ಣ ಗೆರೆಗಳಿದ್ದವು. ಮೇಲ್ದುಟಿಯ ಅಂಚು ಹಾಡುವ ಮುಂಚೆ ನಡುಗುವ ಹಾಗೆ ತುಸುವೇ ನಡುಗುತ್ತಿತ್ತು. ಇಷ್ಟು ವರ್ಷ ಮುಟ್ಟಿದ ಮುಖ. ಹಾಡುವಾಗ ಜನ ಹತ್ತಿರದಿಂದ ನೋಡಲಿ ಎಂದು ಅವಳು ಆಸೆಪಟ್ಟ ಮುಖ. ಎಷ್ಟು ಚೆನ್ನಾಗಿತ್ತು ಎಂದರೆ ಬಣ್ಣದಯ್ಯನಿಗೆ ಕಣ್ಣೆತ್ತಿ ನೋಡಲು ನಾಚಿಕೆಯಾಯಿತು. ಗೋಡೆಯ ಕನ್ನಡಿಯನ್ನು ಇಳಿಸಿ ತಂದು ಅವಳೆದುರು ಹಿಡಿದ.

"ಕಣ್ಣು ಬಿಡು."

"ಬೇಡ ರೀ."

"ಒಂದೇ ಸಲ."

"ನೋಡಿದ್ದಾಯ್ತಲ್ಲ ಅವತ್ತು. ಇನ್ನು ನೋಡಲ್ಲ" ಎಂದಳು ಅವಳು, ಮುಚ್ಚಿದ ಕಣ್ಣಲ್ಲೇ. "ನಿಮ್ಮ ಕೈ ಮುಖದ ಮೇಲೆ ಆಡಿದ್ದೇ ಸಾಕು ನಂಗೆ. ಒರೆಸಿಬಿಡಿ, ಅಡುಗೆ ಕೆಲಸ ಹಾಗೇ ಬಿದ್ದಿದೆ."

ಅವಳು ಕಣ್ಣು ಬಿಡಲಿಲ್ಲ. ಕೊನೆಗೆ ಅವನು ಕನ್ನಡಿಯನ್ನು ಗೋಡೆಗೆ ಒರಗಿಸಿಟ್ಟು, ಒದ್ದೆ ಬಟ್ಟೆ ತೆಗೆದುಕೊಂಡು, ಹಣೆಯಿಂದ ಶುರುಮಾಡಿ ಒರೆಸಿದ.